ಮದುಮಗಳ ಚರ್ಮ, ಹಲ್ಲು: ಆರು ತಿಂಗಳು ಮೊದಲೇ ಶುರು ಮಾಡೋಣ

(ಸಿದ್ದಾಪುರದ ಮಹಿಳಾ ಸ್ವಸಹಾಯ ಸಂಘಗಳ ತಿಂಗಳ ಸಭೆಯಲ್ಲಿ ಆರೋಗ್ಯ ಕಾರ್ಯಕರ್ತೆಯೊಬ್ಬರು ಆಡಿದ ಮಾತುಗಳ ಬರಹರೂಪ)



ಇವತ್ತಿನ ವಿಷಯ ನೀವೇ ಆರಿಸಿದ್ದು. ಮದುವೆ ಗೊತ್ತಾದ ಹೆಣ್ಣುಮಕ್ಕಳು ಮುಖ, ಹಲ್ಲು ಚೆನ್ನಾಗಿ ಕಾಣೋ ಹಾಗೆ ಏನು ಮಾಡ್ಬೇಕು ಅಂತ ಕೇಳಿದಿರಿ. ಕೆಲವರು "ಇದೂ ಒಂದು ವಿಷಯಾನಾ?" ಅಂತ ನಕ್ಕರು. ನಗಬೇಡಿ. ಮದುವೆ ಗೊತ್ತಾದ ದಿನದಿಂದ ಮನೆಯಲ್ಲಿ ಸಾಲ ಶುರುವಾಗುತ್ತೆ, ಆತಂಕ ಶುರುವಾಗುತ್ತೆ, ಯಾರೋ ಹೇಳಿದ ಕ್ರೀಮು ಮನೆಗೆ ಬರುತ್ತೆ. ಅದರಿಂದ ಮುಖ ಸುಟ್ಟುಕೊಂಡವರಿದ್ದಾರೆ, ಮೂತ್ರಪಿಂಡ ಕೆಡಿಸಿಕೊಂಡವರೂ ಇದ್ದಾರೆ. ಹಾಗಾಗಿ ಇದು ಬರೀ ಅಲಂಕಾರದ ಮಾತಲ್ಲ, ಆರೋಗ್ಯದ ಮಾತು, ದುಡ್ಡಿನ ಮಾತು.

ನಮ್ಮ ಸಂಘಗಳಲ್ಲಿ ಎಲ್ಲ ಧರ್ಮದ ಅಕ್ಕತಂಗಿಯರೂ ಇದ್ದೀರಿ. ತಪಸ್ಸುಕಾಲ ಮುಗಿದು ಪಾಸ್ಕ ಹಬ್ಬ ಆದ ಮೇಲೆ ನಮ್ಮ ಚರ್ಚಿನಲ್ಲಿ ಮದುವೆಗಳು ಸಾಲುಗಟ್ಟುತ್ತವೆ. ಆಷಾಢ ಕಳೆದ ಮೇಲೆ ಹಿಂದೂ ಮನೆಗಳಲ್ಲಿ, ರಂಜಾನ್ ಮುಗಿದ ಮೇಲೆ ಮುಸ್ಲಿಂ ಮನೆಗಳಲ್ಲಿ. ಅಂದರೆ ಮದುವೆಗೆ ಮುಂಚೆ ಕೈಯಲ್ಲಿ ಒಂದಿಷ್ಟು ಸಮಯ ಇದ್ದೇ ಇರುತ್ತೆ. ಆ ಸಮಯವನ್ನು ಹೇಗೆ ಬಳಸಬೇಕು ಅನ್ನೋದೇ ಇವತ್ತಿನ ಮಾತು.

ಬಣ್ಣದ ಮಾತು ಮೊದಲು

"ಹುಡುಗಿ ಸ್ವಲ್ಪ ಕಪ್ಪು" ಅಂತ ಗಂಡಿನ ಕಡೆಯವರು ಒಂದು ಮಾತು ಅಂದರೆ ಸಾಕು, ತಾಯಿಯ ಎದೆ ಒಡೆದುಹೋಗುತ್ತೆ. ಈ ಭಯವನ್ನೇ ಬಂಡವಾಳ ಮಾಡಿಕೊಂಡು ನಮ್ಮ ದೇಶದಲ್ಲಿ ದೊಡ್ಡ ವ್ಯಾಪಾರ ಬೆಳೆದಿದೆ. 1975ರಲ್ಲಿ ಬಂದ 'ಫೇರ್ ಅಂಡ್ ಲವ್ಲಿ' ಕ್ರೀಮು ನಿಮಗೆಲ್ಲ ಗೊತ್ತು. 2020ರಲ್ಲಿ ಕಂಪನಿಯವರೇ 'ಫೇರ್' ಅನ್ನೋ ಪದ ತೆಗೆದು 'ಗ್ಲೋ ಅಂಡ್ ಲವ್ಲಿ' ಅಂತ ಹೆಸರು ಬದಲಾಯಿಸಿದರು. ಬಿಳಿ ಆದರೇ ಚೆಂದ ಅನ್ನೋ ಮಾತು ತಪ್ಪು ಅಂತ ಲೋಕವೆಲ್ಲ ಕೂಗಿದ್ದರಿಂದ ಆ ಬದಲಾವಣೆ ಆಯಿತು. ಪೆಟ್ಟಿಗೆ ಮೇಲಿನ ಹೆಸರು ಬದಲಾಯಿತು, ನಮ್ಮ ಮನಸ್ಸು ಇನ್ನೂ ಬದಲಾಗಬೇಕು.

ವಿಷಯ ಇಷ್ಟೇ: ನಮ್ಮ ಚರ್ಮದೊಳಗೆ ಬಣ್ಣ ಕೊಡುವ ಮೆಲನಿನ್ ಅನ್ನೋ ಅಂಶ ಇದೆ. ಬಿಸಿಲಿನಿಂದ ನಮ್ಮನ್ನು ಕಾಯೋದು ಅದೇ. ಹುಟ್ಟಿನಿಂದ ಬಂದ ಬಣ್ಣವನ್ನು ಯಾವ ಕ್ರೀಮೂ ಸುರಕ್ಷಿತವಾಗಿ ಬದಲಾಯಿಸೋದಿಲ್ಲ. ಬಿಸಿಲಿಗೆ ಕಂದಿದ್ದು ತಿಳಿಯಾಗಬಹುದು, ಮೊಡವೆ ಕಲೆ ಮಾಸಬಹುದು, ಒಣಗಿದ ಚರ್ಮ ಮೃದುವಾಗಬಹುದು. ಅಷ್ಟು ಸಾಕು ಕೂಡ.

"ಏಳು ದಿನದಲ್ಲಿ ಬೆಳ್ಳಗೆ" ಅನ್ನೋ ಕ್ರೀಮಿನಲ್ಲಿ ಏನಿರುತ್ತೆ?

ನಿಜವಾಗಿಯೂ ಒಂದೆರಡು ವಾರದಲ್ಲಿ ಮುಖ ಬೆಳ್ಳಗಾಯಿತು ಅಂದರೆ ಖುಷಿಪಡಬೇಡಿ, ಅನುಮಾನಪಡಿ. ಅದರಲ್ಲಿ ಎರಡರಲ್ಲಿ ಒಂದು ಇರುವ ಸಾಧ್ಯತೆ ಹೆಚ್ಚು.

ಒಂದು, ಪಾದರಸ. ಪಕ್ಕದ ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ 2021ರಿಂದ 2023ರವರೆಗೆ ಒಂದು ಆಸ್ಪತ್ರೆಯ ವೈದ್ಯರು ಒಂದು ಬಗೆಯ ಮೂತ್ರಪಿಂಡದ ಕಾಯಿಲೆ ಬಂದ 22 ಜನರನ್ನು ಪರೀಕ್ಷೆ ಮಾಡಿದರು. ಅವರಲ್ಲಿ 15 ಜನರಿಗೆ ಇದ್ದದ್ದು ಅಪರೂಪದ ವಿಧ. ಏನು ಬಳಸ್ತಿದ್ದೀರಿ ಅಂತ ವಿಚಾರಿಸಿದಾಗ ಆ 15ರಲ್ಲಿ 13 ಜನ ಬಿಳುಪಿನ ಕ್ರೀಮು ಹಚ್ಚುತ್ತಿದ್ದರು. ಕ್ರೀಮುಗಳನ್ನು ಪರೀಕ್ಷಿಸಿದಾಗ ಪಾದರಸ ಮಿತಿಮೀರಿ ಇರೋದು ಕಂಡುಬಂತು. ಕ್ರೀಮು ನಿಲ್ಲಿಸಿದ ಮೇಲೆ ಹೆಚ್ಚಿನವರು ಚೇತರಿಸಿಕೊಂಡರು. ಮುಖಕ್ಕೆ ಹಚ್ಚಿದ್ದು ಮೂತ್ರಪಿಂಡಕ್ಕೆ ಹೋಗುತ್ತಾ ಅಂತ ನೀವು ಕೇಳಬಹುದು. ಹೋಗುತ್ತೆ. ಪಾದರಸ ಚರ್ಮದ ಮೂಲಕ ರಕ್ತಕ್ಕೆ ಇಳಿಯುತ್ತೆ. ಅದೇ ಟವೆಲ್ಲು, ಅದೇ ದಿಂಬು ಬಳಸೋ ಮಕ್ಕಳಿಗೂ ತಗಲಬಹುದು. ಕಾಲು ಊದಿಕೊಂಡರೆ, ಮೂತ್ರದಲ್ಲಿ ನೊರೆ ಬಂದರೆ ಕೂಡಲೇ ವೈದ್ಯರ ಹತ್ತಿರ ಹೋಗಿ, ಕ್ರೀಮಿನ ಡಬ್ಬಿಯನ್ನೂ ಜೊತೆಗೆ ತಗೊಂಡು ಹೋಗಿ.

ಎರಡು, ಸ್ಟೀರಾಯ್ಡ್. ಬೀಟಾಮೆಥಾಸೋನ್, ಕ್ಲೋಬೆಟಾಸಾಲ್, ಮೊಮೆಟಾಸೋನ್ ಇಂಥ ಹೆಸರು ಟ್ಯೂಬಿನ ಮೇಲೆ ಸಣ್ಣ ಅಕ್ಷರದಲ್ಲಿ ಇರುತ್ತೆ. ಓದೋಕೆ ಬರುವ ಮಕ್ಕಳ ಕೈಲಿ ಓದಿಸಿ. ಇವು ಒಳ್ಳೆಯ ಔಷಧಿಗಳೇ, ಆದರೆ ವೈದ್ಯರು ಹೇಳಿದ ಜಾಗಕ್ಕೆ, ಹೇಳಿದಷ್ಟು ದಿನಕ್ಕೆ ಮಾತ್ರ. ಮುಖಕ್ಕೆ ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳ್ಳಗಾಗುತ್ತೆ, ಕೆಂಪು ನರ ಕಾಣುತ್ತೆ, ಮೊಡವೆ ಎದ್ದು ಬರುತ್ತೆ, ಗಲ್ಲದ ಮೇಲೆ ಕೂದಲು ಬೆಳೆಯುತ್ತೆ. ಬಿಟ್ಟ ಕೂಡಲೇ ಉರಿ, ಇನ್ನಷ್ಟು ಕಪ್ಪು. ಹಾಗಾಗಿ ಬಿಡೋಕೂ ಭಯ. ಈ ಹಾವಳಿ ನೋಡಿಯೇ ಕೇಂದ್ರ ಸರ್ಕಾರ 2018ರಲ್ಲಿ ಇಂಥ 14 ಔಷಧಿಗಳನ್ನು ವೈದ್ಯರ ಚೀಟಿ ಇಲ್ಲದೆ ಮಾರಬಾರದು ಅಂತ ಆದೇಶ ಮಾಡಿತು. ಮೆಡಿಕಲ್ ಶಾಪಿನವರು ಕೇಳದೆ ಕೊಟ್ಟರೂ ನೀವು ತಗೋಬೇಡಿ. ಈಗಾಗಲೇ ಹಚ್ಚುತ್ತಿರುವವರು ಹೆದರಬೇಡಿ, ಮುಚ್ಚಿಡಬೇಡಿ. ಚರ್ಮದ ವೈದ್ಯರಿಗೆ ಹೇಳಿ, ಹೇಗೆ ಬಿಡಬೇಕು ಅಂತ ಅವರು ತೋರಿಸ್ತಾರೆ.

ತಯಾರಿಸಿದವರ ವಿಳಾಸ, ಪರವಾನಗಿ ಸಂಖ್ಯೆ, ಬ್ಯಾಚ್ ನಂಬರು, ಬಳಸಬಹುದಾದ ಕೊನೆಯ ದಿನ ಇವು ನಾಲ್ಕೂ ಇಲ್ಲದ ಡಬ್ಬಿಯನ್ನು ಯಾರು ಕೊಟ್ಟರೂ ಬೇಡ ಅನ್ನಿ.

ಮುಖ ಹೇಳೋ ಕಾಯಿಲೆಗಳು

ಕೆಲವು ಕಲೆಗಳು ಕಲೆ ಅಲ್ಲ, ದೇಹ ಕೊಡೋ ಸೂಚನೆ. ಕತ್ತಿನ ಹಿಂದೆ, ಕಂಕುಳಲ್ಲಿ ಕಪ್ಪಗೆ ದಪ್ಪಗೆ ಆಗಿದ್ದರೆ ಅದು ಕೊಳೆ ಅಂತ ಕಲ್ಲಲ್ಲಿ ಉಜ್ಜಬೇಡಿ. ಸಕ್ಕರೆ ಕಾಯಿಲೆ ಬರುವ ಸೂಚನೆ ಇರಬಹುದು, ರಕ್ತ ಪರೀಕ್ಷೆ ಮಾಡಿಸಿ. ಮೊಡವೆ ಜಾಸ್ತಿ, ಗಲ್ಲದಲ್ಲಿ ಕೂದಲು, ಮುಟ್ಟು ಎರಡು ಮೂರು ತಿಂಗಳಿಗೊಮ್ಮೆ ಆದರೆ ಬರೀ ಥ್ರೆಡಿಂಗ್ ಮಾಡಿಸಿದರೆ ಸಾಲದು, ಸ್ತ್ರೀರೋಗ ವೈದ್ಯರನ್ನು ನೋಡಿ. ಮುಖ ಬಿಳಿಚಿಕೊಂಡು ಮೆಟ್ಟಿಲು ಹತ್ತಿದರೆ ಏದುಸಿರು ಬಂದರೆ ರಕ್ತಹೀನತೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ನಮ್ಮ ರಾಜ್ಯದಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಹೆಂಗಸರಿಗೆ ರಕ್ತಹೀನತೆ ಇದೆ. ಮುಖದ ಕಳೆ ಬರೋದು ರಾಗಿ, ಸೊಪ್ಪು, ಕಾಳು, ಮೊಟ್ಟೆಯಿಂದ, ಬೇಕಾದರೆ ಕಬ್ಬಿಣದ ಮಾತ್ರೆಯಿಂದ. ಮದುಮಗಳು ತೆಳ್ಳಗಾಗಬೇಕು ಅಂತ ಊಟ ಬಿಡಿಸಬೇಡಿ.

ಹುಳುಕಡ್ಡಿಗೆ ಸಿಕ್ಕ ಸಿಕ್ಕ ಮಿಶ್ರ ಮುಲಾಮು ಹಚ್ಚಿದರೆ ತುರಿಕೆ ನಿಂತ ಹಾಗೆ ಕಾಣುತ್ತೆ, ಒಳಗೊಳಗೇ ಹರಡುತ್ತೆ. ಕಜ್ಜಿ ಆದರೆ ಮನೆಯವರೆಲ್ಲರೂ ಒಂದೇ ದಿನ ಔಷಧಿ ಹಚ್ಚಬೇಕು, ಇಲ್ಲದಿದ್ದರೆ ಒಬ್ಬರಿಂದ ಒಬ್ಬರಿಗೆ ಸುತ್ತುತ್ತಲೇ ಇರುತ್ತೆ.

ತೊನ್ನಿನ ಬಗ್ಗೆ ಒಂದು ಮಾತು. ಬಿಳಿ ಮಚ್ಚೆ ಅಂಟುರೋಗ ಅಲ್ಲ, ಕುಷ್ಠವೂ ಅಲ್ಲ. ಮುಟ್ಟಿದರೆ ಸ್ಪರ್ಶ ಗೊತ್ತಾಗದ ಮಚ್ಚೆ ಇದ್ದರೆ ಮಾತ್ರ ಕುಷ್ಠದ ಪರೀಕ್ಷೆ ಮಾಡಿಸಿ. ಅದಕ್ಕೂ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ ಔಷಧಿ ಇದೆ, ಪೂರ್ತಿ ಗುಣವಾಗುತ್ತೆ. ಕುಷ್ಠರೋಗವನ್ನು ವಿಚ್ಛೇದನಕ್ಕೆ ಕಾರಣವಾಗಿ ಹೇಳುವಂತಿಲ್ಲ ಅಂತ 2019ರಲ್ಲಿ ಕಾನೂನನ್ನೇ ತಿದ್ದಿದ್ದಾರೆ. ಇದು ಹಿಂದೂ, ಕ್ರೈಸ್ತ, ಮುಸ್ಲಿಂ ಎಲ್ಲರ ವಿವಾಹ ಕಾನೂನಿಗೂ ಅನ್ವಯಿಸುತ್ತೆ.

ಮೊಡವೆ ಮಾತ್ರೆ ಮತ್ತು ಮದುವೆ

ಇದನ್ನು ದಯವಿಟ್ಟು ಎಲ್ಲರೂ ಗಮನವಿಟ್ಟು ಕೇಳಿ. ಜೋರು ಮೊಡವೆಗೆ 'ಐಸೋಟ್ರೆಟಿನಾಯಿನ್' ಅನ್ನೋ ಮಾತ್ರೆ ಕೊಡ್ತಾರೆ. ಒಳ್ಳೆ ಕೆಲಸ ಮಾಡುತ್ತೆ. ಆದರೆ ಅದನ್ನು ನುಂಗುವಾಗ ಗರ್ಭ ನಿಂತರೆ ಮಗುವಿನ ಮಿದುಳು, ಹೃದಯ, ಮುಖಕ್ಕೆ ಭಾರಿ ತೊಂದರೆ ಆಗಬಹುದು. ಮಾತ್ರೆ ನಿಲ್ಲಿಸಿ ಕನಿಷ್ಠ ಒಂದು ತಿಂಗಳು ಕಳೆಯುವವರೆಗೂ ಗರ್ಭ ಧರಿಸಬಾರದು. ಮದುವೆಗೆ ಮುಖ ತಿಳಿಯಾಗಲಿ ಅಂತ ಶುರು ಮಾಡಿದ ಮಾತ್ರೆಯನ್ನು ಮದುವೆಯಾದ ಮೇಲೂ ಮುಂದುವರಿಸಿದರೆ ಏನಾಗಬಹುದು ಯೋಚನೆ ಮಾಡಿ. ಡಾಕ್ಸಿಸೈಕ್ಲಿನ್ ಮಾತ್ರೆಯೂ ಬಸುರಿಯರಿಗೆ ಬೇಡ. ಆದ್ದರಿಂದ ಚರ್ಮದ ವೈದ್ಯರ ಹತ್ತಿರ ಹೋದಾಗ ನಾಚಿಕೆ ಬಿಟ್ಟು ಮೊದಲ ಮಾತೇ ಹೇಳಿ: "ಡಾಕ್ಟ್ರೇ, ಇಂಥ ತಿಂಗಳು ನನ್ನ ಮದುವೆ ಇದೆ." ಹಾಗೆಯೇ ಮಗು ಬೇಗ ಬೇಕು ಅನ್ನುವವರು ಗರ್ಭಕ್ಕೆ ಒಂದು ತಿಂಗಳು ಮುಂಚಿನಿಂದಲೇ ಫೋಲಿಕ್ ಆಸಿಡ್ ಮಾತ್ರೆ ತಗೊಳ್ಳೋದು ಒಳ್ಳೆಯದು.

ಈಗ ಹಲ್ಲಿಗೆ ಬರೋಣ

ನಮ್ಮ ಸುತ್ತಮುತ್ತಲಿನ ಬೀದಿಗಳಲ್ಲಿ ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಕಡೆಯಿಂದ ಬಂದ ಮನೆಗಳು ಎಷ್ಟೋ ಇವೆ. ಪಾವಗಡ, ಬಾಗೇಪಲ್ಲಿ ಕಡೆಯ ಹೆಣ್ಣುಮಕ್ಕಳು ಬಾಯಿಗೆ ಸೆರಗು ಅಡ್ಡ ಹಿಡಿದು ನಗೋದನ್ನ ನೀವು ನೋಡಿರಬಹುದು. ಹಲ್ಲಿನ ಮೇಲೆ ಕಂದು ಪಟ್ಟೆ, ಸುಣ್ಣದ ಹಾಗೆ ಬಿಳಿ ಚುಕ್ಕೆ. "ಹಲ್ಲು ಉಜ್ಜಲ್ಲ" ಅಂತ ಗಂಡಿನ ಕಡೆಯವರು ಆಡಿಕೊಳ್ತಾರೆ. ಇದು ಉಜ್ಜದೆ ಬಂದದ್ದಲ್ಲ. ಆಳದ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಜಾಸ್ತಿ ಇದ್ದು, ಚಿಕ್ಕಂದಿನಲ್ಲಿ ವಸಡಿನೊಳಗೆ ಹಲ್ಲು ರೂಪುಗೊಳ್ಳುವಾಗಲೇ ಬಂದ ಕಲೆ. ಒಂದು ಲೀಟರ್ ನೀರಿನಲ್ಲಿ ಫ್ಲೋರೈಡ್ ಒಂದೂವರೆ ಮಿಲಿಗ್ರಾಂ ದಾಟಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತೆ. ತಪ್ಪು ನೀರಿನದ್ದು, ಹುಡುಗಿಯದ್ದಲ್ಲ.

ಈ ಕಲೆ ಇದ್ದಿಲು, ಉಪ್ಪು, ಇಟ್ಟಿಗೆ ಪುಡಿ ಹಾಕಿ ಉಜ್ಜಿದರೆ ಹೋಗೋದಿಲ್ಲ. ಹಲ್ಲಿನ ಹೊಳಪಿನ ಪದರವೇ ಸವೆದು ಹೋಗುತ್ತೆ, ಆಮೇಲೆ ತಣ್ಣೀರು ಕುಡಿದರೂ ಜುಂ ಅನ್ನುತ್ತೆ. ದಂತವೈದ್ಯರು ಕಲೆ ಕಡಿಮೆ ಇದ್ದರೆ ಮೇಲ್ಪದರ ತುಸುವೇ ಉಜ್ಜಿ ತೆಗೆಯುತ್ತಾರೆ ಅಥವಾ ಬ್ಲೀಚ್ ಮಾಡುತ್ತಾರೆ, ಜಾಸ್ತಿ ಇದ್ದರೆ ಹಲ್ಲಿನ ಬಣ್ಣದ ಪದರ ಹಚ್ಚುತ್ತಾರೆ. ಎರಡು ಮೂರು ಸಾರಿ ಹೋಗಬೇಕಾಗುತ್ತೆ, ಅದಕ್ಕೇ ಮೊದಲೇ ಹೋಗಬೇಕು.

ಇನ್ನು ಎಲ್ಲರ ಬಾಯಲ್ಲಿರುವ ಒಂದು ಭಯ: "ಹಲ್ಲು ಕ್ಲೀನ್ ಮಾಡಿಸಿದರೆ ಸಡಿಲ ಆಗುತ್ತೆ." ಆಗೋದಿಲ್ಲ. ಹಲ್ಲಿನ ಬುಡದಲ್ಲಿ ಕಲ್ಲಿನಂತೆ ಕಟ್ಟಿದ ಪಾಚಿಯೇ ವಸಡನ್ನು ತಿಂದು ಹಲ್ಲು ಸಡಿಲ ಮಾಡುತ್ತೆ. ಅದನ್ನು ತೆಗೆದಾಗ ಸಂದು ಕಾಣಿಸೋದರಿಂದ ಸಡಿಲ ಆದ ಹಾಗೆ ಅನಿಸುತ್ತೆ, ಅಷ್ಟೇ. ಉಜ್ಜುವಾಗ ರಕ್ತ ಬಂದರೆ, ಬಾಯಿ ವಾಸನೆ ಬಂದರೆ ಏಲಕ್ಕಿ, ಲವಂಗ ಅಗಿದು ಮುಚ್ಚಿಡಬೇಡಿ. ವಸಡಿನ ಕಾಯಿಲೆ ಬಸುರಿಯಲ್ಲಿ ಇನ್ನೂ ಜಾಸ್ತಿ ಆಗುತ್ತೆ.

ಹಲ್ಲಿನ ಬಣ್ಣ ಸಹಜವಾಗಿ ಸ್ವಲ್ಪ ಹಳದಿಯೇ. ಬ್ಲೀಚ್ ಮಾಡಿಸಲೇಬೇಕು ಅಂತಿದ್ದರೆ ಮೊದಲು ಹುಳುಕು ತುಂಬಿಸಿರಬೇಕು, ಕೆಲವು ದಿನ ಜುಂ ಅನ್ನೋದು ಇರುತ್ತೆ, ಹಾಕಿಸಿದ ಕ್ಯಾಪಿನ ಬಣ್ಣ ಬದಲಾಗೋದಿಲ್ಲ. ವಕ್ರ ಹಲ್ಲಿಗೆ ತಂತಿ ಹಾಕಿಸಿದರೆ ಸಾಮಾನ್ಯವಾಗಿ ಒಂದೂವರೆ ಎರಡು ವರ್ಷ ಬೇಕು, ಆರು ತಿಂಗಳಲ್ಲಿ ಮುಗಿಸಿ ಅಂತ ಒತ್ತಾಯ ಮಾಡಬೇಡಿ. ಮುಂದಿನ ಹಲ್ಲು ಕೀಳಿಸಿದರೆ ವಸಡು ಮಾಯಲು ಸಮಯ ಬೇಕು. ಅಲ್ಲಿಯವರೆಗೆ ತೆಗೆದು ಹಾಕುವ ಹಲ್ಲು ಇಟ್ಟುಕೊಳ್ಳಬಹುದು.

ಕಡ್ಡಿಪುಡಿ, ಹೊಗೆಸೊಪ್ಪು, ಗುಟ್ಕಾ ಬಗ್ಗೆ ಹೇಳದೆ ಮುಗಿಸೋಕೆ ಆಗಲ್ಲ. ಹಲ್ಲುಪುಡಿಯಲ್ಲಿ ತಂಬಾಕು ಸೇರಿಸೋದನ್ನು 1992ರಲ್ಲೇ ನಿಷೇಧ ಮಾಡಿದ್ದಾರೆ. ಗುಟ್ಕಾವನ್ನು ನಮ್ಮ ರಾಜ್ಯದಲ್ಲಿ 2013ರಲ್ಲಿ ನಿಷೇಧ ಮಾಡಿದರು. ಆದರೂ ಎಲೆಅಡಿಕೆ ಜೊತೆ ಹೊಗೆಸೊಪ್ಪು ನಮ್ಮ ಸೆರಗಿನ ಗಂಟಿನಲ್ಲೇ ಇರುತ್ತೆ. 1973ರಿಂದ ಇರುವ ಕಿದ್ವಾಯಿ ಆಸ್ಪತ್ರೆ ನಮಗೆ ಎಷ್ಟು ಹತ್ತಿರ ಅಂತ ನಿಮಗೆ ಗೊತ್ತು. ಅಲ್ಲಿ ಬಾಯಿ ಕ್ಯಾನ್ಸರಿಗೆ ಬಂದು ಕೂತವರನ್ನು ಒಂದು ಸಾರಿ ನೋಡಿದರೆ ಸಾಕು. ಬಾಯಲ್ಲಿ ಬಿಳಿ ಅಥವಾ ಕೆಂಪು ಮಚ್ಚೆ, ಎರಡು ವಾರವಾದರೂ ಮಾಯದ ಹುಣ್ಣು, ಬಾಯಿ ಪೂರ್ತಿ ತೆರೆಯೋಕಾಗದೆ ಇರೋದು, ಇವು ಕಂಡರೆ ಮದುವೆ ಗಡಿಬಿಡಿ ಅಂತ ಮುಂದೂಡಬೇಡಿ. ಗಂಡಿನ ಬಾಯಿಯನ್ನೂ ಒಂದು ಸಾರಿ ನೋಡಿ, ಹುಡುಗಿಯ ಹಲ್ಲನ್ನೇ ಯಾಕೆ ಎಲ್ಲರೂ ನೋಡಬೇಕು?

ಯಾವಾಗ ಏನು ಮಾಡಬೇಕು?

1. ಆರು ತಿಂಗಳು ಮುಂಚೆ: ಹಲ್ಲಿನ ತಪಾಸಣೆ, ಕ್ಲೀನಿಂಗ್, ಹುಳುಕು ತುಂಬಿಸುವುದು, ರಕ್ತ ಪರೀಕ್ಷೆ. ಮೊಡವೆ, ಬಂಗು ಇದ್ದರೆ ಚರ್ಮದ ವೈದ್ಯರ ಭೇಟಿ. ಚರ್ಮ ಹೊಸದಾಗೋಕೆ ಸುಮಾರು ನಾಲ್ಕು ವಾರ ಬೇಕು, ಆದ್ದರಿಂದ ಯಾವ ಮೊಡವೆ ಔಷಧಿಯೂ ಎರಡು ತಿಂಗಳಿಗೆ ಮುಂಚೆ ಪೂರ್ತಿ ಫಲ ಕೊಡೋದಿಲ್ಲ.

2. ಮೂರು ತಿಂಗಳು ಮುಂಚೆ: ಹಲ್ಲಿನ ಕಲೆ, ಕ್ಯಾಪು, ಹಲ್ಲು ಕಟ್ಟಿಸುವ ಕೆಲಸ. ಬಿಸಿಲಿಗೆ ಹೋಗುವವರು ಕೊಡೆ, ಹತ್ತಿ ಬಟ್ಟೆ, ಆದರೆ ಎಸ್‌ಪಿಎಫ್ 30ರ ಸನ್‌ಸ್ಕ್ರೀನ್. ನರ್ಸರಿ ಗಿಡಗಳ ಕೆಲಸ, ಹೂವಿನ ವ್ಯಾಪಾರ ಮಾಡುವವರಿಗೆ ಇದು ಮುಖ್ಯ. ಜಯನಗರದ ಮನೆಗಳಲ್ಲಿ ಪಾತ್ರೆ, ಬಟ್ಟೆ ಕೆಲಸ ಮಾಡುವ ಹುಡುಗಿಯರ ಕೈ ಸೋಪಿನ ಪುಡಿಯಿಂದ ಒಡೆದಿರುತ್ತೆ. ರಬ್ಬರ್ ಗ್ಲೌಸ್ ಹಾಕಲಿ, ರಾತ್ರಿ ಕೊಬ್ಬರಿ ಎಣ್ಣೆ ಹಚ್ಚಲಿ. ಮದುಮಗಳ ಉಂಗುರ ಹಾಕುವ ಕೈ ಅದು.

3. ಒಂದು ತಿಂಗಳು ಮುಂಚೆ: ಫೇಶಿಯಲ್, ಬ್ಲೀಚ್ ಮಾಡಿಸುವುದಿದ್ದರೆ ಈಗಲೇ ಒಮ್ಮೆ ಮಾಡಿಸಿ ನೋಡಿ. ಮೊದಲು ಕಿವಿಯ ಹಿಂದೆ ಅಥವಾ ಮೊಣಕೈ ಒಳಗೆ ಸ್ವಲ್ಪ ಹಚ್ಚಿ ಎರಡು ದಿನ ಕಾಯಿರಿ.

4. ಕೊನೆಯ ವಾರ: ಹೊಸದು ಏನೂ ಬೇಡ. ಹೊಸ ಕ್ರೀಮು ಬೇಡ, ಹೊಸ ಪಾರ್ಲರ್ ಬೇಡ. ಮುಖಕ್ಕೆ ನಿಂಬೆರಸ ಹಚ್ಚಿ ಬಿಸಿಲಿಗೆ ಹೋದರೆ ಸುಡುತ್ತೆ. ಮೊಡವೆ ಹಿಂಡಬೇಡಿ, ಅದಕ್ಕೆ ಟೂತ್‌ಪೇಸ್ಟ್ ಹಚ್ಚಬೇಡಿ. ನಿದ್ದೆ ಮಾಡಿಸಿ.

5. ಅರಿಶಿನ, ರೋಸ್, ಮೆಹಂದಿ ದಿನ: ಅರಿಶಿನ ಶಾಸ್ತ್ರಕ್ಕೆ ಮಿಣಮಿಣ ಹೊಳೆಯುವ ಅಗ್ಗದ ಪುಡಿ ಬೇಡ, ಅದರಲ್ಲಿ ಬಣ್ಣ ಬೆರೆತಿರಬಹುದು. ಕೊಂಬು ತಂದು ಮನೆಯಲ್ಲೇ ಕುಟ್ಟಿ. ಮಂಗಳೂರು ಕಡೆಯ ಕೊಂಕಣಿ ಮನೆಗಳಲ್ಲಿ ರೋಸ್ ಅಂತ ತೆಂಗಿನ ಹಾಲು ಹಚ್ಚುತ್ತಾರೆ, ಅದು ಚರ್ಮಕ್ಕೆ ಹಿತ. ಆದರೆ ಹತ್ತೇ ನಿಮಿಷದಲ್ಲಿ ಕಪ್ಪಗೆ ಹಿಡಿಯುವ 'ಕಪ್ಪು ಮೆಹಂದಿ' ಬೇಡವೇ ಬೇಡ. ಅದರಲ್ಲಿ ತಲೆಗೂದಲಿನ ಡೈ ರಾಸಾಯನಿಕ ಇರುತ್ತೆ, ಕೆಲವರಿಗೆ ಬೊಬ್ಬೆ ಏಳುತ್ತೆ, ಕಲೆ ಉಳಿಯುತ್ತೆ. ಗೋರಂಟಿ ಸೊಪ್ಪು ನಿಧಾನವಾಗಿ ಕೆಂಪಾಗುತ್ತೆ, ಅದೇ ಒಳ್ಳೆಯದು.

ಎಲ್ಲಿಗೆ ಹೋಗೋದು? ದುಡ್ಡು ಎಷ್ಟು?

ಮೊದಲು ಹತ್ತಿರದ ನಗರ ಪ್ರಾಥಮಿಕ ಆರೋಗ್ಯ ಕೇಂದ್ರ ಅಥವಾ ನಮ್ಮ ಕ್ಲಿನಿಕ್. ಅಲ್ಲಿಂದ ಜಯನಗರದ ಜನರಲ್ ಆಸ್ಪತ್ರೆಗೆ. ಹಲ್ಲಿಗೆ ಕೋಟೆ ಬಳಿ ವಿಕ್ಟೋರಿಯಾ ಆಸ್ಪತ್ರೆ ಆವರಣದಲ್ಲಿರುವ ಸರ್ಕಾರಿ ದಂತ ಕಾಲೇಜು ಇದೆ. ಜೆ.ಪಿ. ನಗರದಲ್ಲಿ ಆರ್.ವಿ. ದಂತ ಕಾಲೇಜು ಇದೆ. ದಂತ ಕಾಲೇಜುಗಳಲ್ಲಿ ವಿದ್ಯಾರ್ಥಿಗಳು ಹಿರಿಯ ವೈದ್ಯರ ಮೇಲ್ವಿಚಾರಣೆಯಲ್ಲಿ ಚಿಕಿತ್ಸೆ ಮಾಡುವುದರಿಂದ ಖರ್ಚು ಖಾಸಗಿ ಕ್ಲಿನಿಕ್‌ಗಿಂತ ಕಡಿಮೆ. ಸಮಯ ಜಾಸ್ತಿ ಹಿಡಿಯುತ್ತೆ, ಬೆಳಿಗ್ಗೆ ಬೇಗ ಹೋಗಿ. ಕೋರಮಂಗಲದ ಸೇಂಟ್ ಜಾನ್ಸ್ ಆಸ್ಪತ್ರೆಯಲ್ಲಿ ಚರ್ಮದ ವಿಭಾಗ ಇದೆ.

ಈಗ ಲೆಕ್ಕ. ಪಾರ್ಲರಿನ ಮದುವೆ ಪ್ಯಾಕೇಜು ಹದಿನೈದು ಸಾವಿರ ಅಂತಿಟ್ಟುಕೊಳ್ಳಿ. ಸಂಘದಲ್ಲಿ ನೂರಕ್ಕೆ ಎರಡು ರೂಪಾಯಿ ಬಡ್ಡಿಗೆ ತೆಗೆದು, ತಿಂಗಳಿಗೆ 1,250ರಂತೆ ಅಸಲು ಕಟ್ಟಿ ಹನ್ನೆರಡು ತಿಂಗಳಲ್ಲಿ ತೀರಿಸಿದರೆ ಒಟ್ಟು ಬಡ್ಡಿ 1,950 ರೂಪಾಯಿ. ಅದೇ ಹೊರಗೆ ನೂರಕ್ಕೆ ಹತ್ತರ ಬಡ್ಡಿಗೆ ತಂದರೆ ತಿಂಗಳಿಗೆ ಬಡ್ಡಿಯೇ 1,500. ಅಸಲು ಮುಟ್ಟದೆ ವರ್ಷ ಕಳೆದರೆ 18,000 ಬಡ್ಡಿ ಕಟ್ಟಿದ ಮೇಲೂ ಹದಿನೈದು ಸಾವಿರ ಹಾಗೇ ನಿಂತಿರುತ್ತೆ! ಒಂದು ದಿನದ ಬಣ್ಣಕ್ಕೆ ಇಷ್ಟು ಬೇಕಾ? ಬದಲಿಗೆ ಮದುವೆ ಗೊತ್ತಾದ ತಿಂಗಳಿನಿಂದ ಐನೂರು ರೂಪಾಯಿ ಬೇರೆ ಇಡಿ. ಆರು ತಿಂಗಳಲ್ಲಿ ಮೂರು ಸಾವಿರ. ಮೊದಲು ಅದು ಹಲ್ಲಿಗೆ, ರಕ್ತ ಪರೀಕ್ಷೆಗೆ, ವೈದ್ಯರು ಬರೆದ ಔಷಧಿಗೆ. ಉಳಿದರೆ ಪಾರ್ಲರಿಗೆ. ನಮ್ಮ ಸಂಘಗಳಲ್ಲೇ ಬ್ಯೂಟಿಷಿಯನ್ ತರಬೇತಿ ಪಡೆದ ಹುಡುಗಿಯರಿದ್ದರೆ ಅವರಿಗೇ ಕೆಲಸ ಕೊಡಿ.

ಕೊನೆಯ ಮಾತು

ಕಾನಾ ಊರಿನ ಮದುವೆ ಕಥೆ ನಮ್ಮ ಕ್ರೈಸ್ತ ಸಹೋದರಿಯರಿಗೆ ಗೊತ್ತು, ಉಳಿದವರಿಗೆ ಹೇಳ್ತೀನಿ. ಮದುವೆ ಮನೆಯಲ್ಲಿ ದ್ರಾಕ್ಷಾರಸ ಮುಗಿದುಹೋಯಿತು. ಆ ಮನೆಯವರ ಮಾನ ಹೋಗುವ ಹೊತ್ತು. ಅದನ್ನು ಮೊದಲು ಗಮನಿಸಿದ್ದು ಒಬ್ಬ ಹೆಂಗಸು, ಮರಿಯಮ್ಮನವರು. ಅವರು ಆಡಿಕೊಳ್ಳಲಿಲ್ಲ, ಮಗ ಯೇಸುವಿಗೆ ಹೇಳಿ ಆ ಕೊರತೆ ತುಂಬಿಸಿದರು. ಮದುಮಗಳು ಯಾವ ಬಣ್ಣ ಇದ್ದಳು ಅಂತ ಆ ಕಥೆಯಲ್ಲಿ ಎಲ್ಲೂ ಇಲ್ಲ.

ನಮ್ಮ ಸಂಘವೂ ಹಾಗೆಯೇ ಇರಲಿ. ನಮ್ಮಲ್ಲಿ ಒಬ್ಬಳ ಮಗಳನ್ನು ಬಣ್ಣದ ಹೆಸರಿನಲ್ಲಿ ಜರಿದರೆ, ಬಣ್ಣ ಕಡಿಮೆ ಅಂತ ವರದಕ್ಷಿಣೆ ಹೆಚ್ಚು ಕೇಳಿದರೆ ಅದು ಆ ತಾಯಿ ಒಬ್ಬಳ ದುಃಖ ಅಲ್ಲ, ಸಂಘದ ವಿಷಯ. ನಮ್ಮ ಗಂಡುಮಕ್ಕಳಿಗೆ ಹೆಣ್ಣು ನೋಡೋಕೆ ಹೋದಾಗ ನಾವೇ ಆ ಮಾತು ಆಡದೆ ಇರೋಣ. ಬದಲಾವಣೆ ಅಲ್ಲಿಂದಲೇ ಶುರುವಾಗಲಿ. ಹುಡುಗಿಯ ಚರ್ಮ ಆರೋಗ್ಯವಾಗಿರಲಿ, ಹಲ್ಲು ಗಟ್ಟಿಯಾಗಿರಲಿ, ಮದುವೆ ದಿನ ಸೆರಗು ಅಡ್ಡ ಹಿಡಿಯದೆ ಬಾಯ್ತುಂಬ ನಗಲಿ.

ದೇವರು ನಿಮ್ಮನ್ನೂ ನಿಮ್ಮ ಕುಟುಂಬಗಳನ್ನೂ ಹರಸಲಿ.

ಸಂಘದ ಸಭೆಯಲ್ಲಿ ಚರ್ಚಿಸಲು:

1. ನಮ್ಮ ಮನೆಯಲ್ಲಿರುವ ಕ್ರೀಮಿನ ಡಬ್ಬಿಗಳನ್ನು ಮುಂದಿನ ಸಭೆಗೆ ತಂದು ಒಟ್ಟಿಗೆ ಓದೋಣವೇ? ಯಾವುದರಲ್ಲಿ ಸ್ಟೀರಾಯ್ಡ್ ಹೆಸರಿದೆ?
2. ಈ ವರ್ಷ ನಮ್ಮ ಸಂಘದ ಎಷ್ಟು ಮನೆಗಳಲ್ಲಿ ಮದುವೆ ಇದೆ? ಅವರೆಲ್ಲ ಒಟ್ಟಾಗಿ ಒಂದು ದಿನ ದಂತ ತಪಾಸಣೆಗೆ ಹೋಗಬಹುದೇ?
3. ಮದುವೆ ಸಾಲ ಕೊಡುವಾಗ ಆರೋಗ್ಯದ ಖರ್ಚಿಗೆ ಒಂದು ಪಾಲು ಮೀಸಲಿಡುವ ನಿರ್ಣಯವನ್ನು ನಮ್ಮ ಪುಸ್ತಕದಲ್ಲಿ ಬರೆಯೋಣವೇ?